ಹಿಂಬರಹವಿಲ್ಲದ ಅರ್ಜಿ

2012ರ ಜೂನ್ ತಿಂಗಳಲ್ಲಿ, ಅಧಿಕಾರದಿಂದ ಇಳಿಯಲು ಕೆಲವೇ ವಾರಗಳು ಉಳಿದಿದ್ದಾಗ, ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರು ಕೆಲವರ ಮರಣದಂಡನೆಯನ್ನು ಜೀವಾವಧಿ ಶಿಕ್ಷೆಗೆ ಇಳಿಸಿದರು. ಹಾಗೆ ಉಳಿದುಕೊಂಡವರ ಪಟ್ಟಿಯಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಅತ್ಯಾಚಾರ ಮತ್ತು ಕೊಲೆ ಪ್ರಕರಣದ ಅಪರಾಧಿಯೂ ಇದ್ದ. ತೊಡಕೇನೆಂದರೆ, ಆತ 2007ರಲ್ಲೇ ಕಾಯಿಲೆಯಿಂದ ತೀರಿಕೊಂಡಿದ್ದ. ಆಗ ಅವನು ಬೆಳಗಾವಿಯ ಹಿಂಡಲಗಾ ಜೈಲಿನ ಕೈದಿ. ಸತ್ತು ಐದು ವರ್ಷಕ್ಕೆ ಹತ್ತಿರವಾಗಿದ್ದವನಿಗೆ ದೆಹಲಿಯಿಂದ ಜೀವದಾನ ಬಂತು.

ಪತ್ರಿಕೆಗಳು ಇದನ್ನು ಸರ್ಕಾರಿ ಕಚೇರಿಯ ಎಡವಟ್ಟು ಎಂದು ಬರೆದವು, ಓದಿದವರು ನಕ್ಕು ಸುಮ್ಮನಾದರು. ನನಗೆ ಇದು ಬರೀ ಎಡವಟ್ಟಾಗಿ ಕಾಣುವುದಿಲ್ಲ. ಒಬ್ಬ ಕೈದಿಗೆ ದಯೆ ತೋರಬೇಕೋ ಬೇಡವೋ ಎಂದು ನಿಜವಾಗಿಯೂ ಕೂತು ಯೋಚಿಸುವವರು ಮೊದಲು ಕೇಳುವುದು ಅವನು ಈಗ ಹೇಗಿದ್ದಾನೆ ಎಂದು. ನಡತೆ ಹೇಗಿದೆ, ಆರೋಗ್ಯ ಹೇಗಿದೆ, ಮಾಡಿದ್ದರ ಬಗ್ಗೆ ಏನನ್ನುತ್ತಾನೆ, ನೋಡಲು ಯಾರಾದರೂ ಬರುತ್ತಾರೋ. ಈ ಪ್ರಶ್ನೆಗಳಲ್ಲಿ ಯಾವ ಒಂದನ್ನು ಹಿಡಿದು ಹಿಂಡಲಗಾಕ್ಕೆ ಫೋನು ಮಾಡಿದ್ದರೂ ವಿಷಯ ಗೊತ್ತಾಗುತ್ತಿತ್ತು. ಗೊತ್ತಾಗಲಿಲ್ಲ ಅಂದರೆ, ದಯೆ ತೋರುವ ಹೊತ್ತಿನಲ್ಲೂ ಕಡತದಾಚೆಗಿನ ಮನುಷ್ಯನನ್ನು ಯಾರೂ ವಿಚಾರಿಸಿರಲಿಲ್ಲ ಅಂತ ಅರ್ಥ.

ನಮ್ಮ ದೇಶದಲ್ಲಿ ಕ್ಷಮಾದಾನದ ಅರ್ಜಿ ನಡೆಯುವ ರೀತಿಯ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ದಯೆ ಜಾಸ್ತಿಯಾಯಿತು ಎನ್ನುವವರಿದ್ದಾರೆ, ಸಾಲದು ಎನ್ನುವವರೂ ಇದ್ದಾರೆ. ಇಬ್ಬರ ಜಗಳಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟ ರೈತನಿಗೆ, ಅರ್ಜಿ ತಿರಸ್ಕಾರವಾದರೆ, ಒಂದು ಹಿಂಬರಹ ಸಿಗುತ್ತದೆ. ಇಂತಿಂಥ ದಾಖಲೆ ಇಲ್ಲ, ಇಂತಿಂಥ ನಿಯಮದಡಿ ಬರುವುದಿಲ್ಲ ಎಂದು ಎರಡು ಸಾಲು, ಕೆಳಗೆ ಒಂದು ಸಹಿ. ಪ್ರಾಣ ಉಳಿಸಿ ಎಂದು ಅರ್ಜಿ ಕೊಟ್ಟವನಿಗೆ ಅಷ್ಟೂ ಏಕೆ ಸಿಗುವುದಿಲ್ಲ?

ಸಂವಿಧಾನದ 72ನೇ ವಿಧಿ ರಾಷ್ಟ್ರಪತಿಗೂ 161ನೇ ವಿಧಿ ರಾಜ್ಯಪಾಲರಿಗೂ ಈ ಅಧಿಕಾರ ಕೊಡುತ್ತವೆ. ಕ್ಷಮಿಸಬಹುದು, ಶಿಕ್ಷೆಯ ಬಗೆಯನ್ನೇ ಬದಲಿಸಬಹುದು, ಅವಧಿ ಕಡಿಮೆ ಮಾಡಬಹುದು, ಸ್ವಲ್ಪ ಕಾಲ ತಡೆಹಿಡಿಯಬಹುದು. ಸಹಿ ಅವರದ್ದಾದರೂ ತೀರ್ಮಾನ ಮಂತ್ರಿಮಂಡಲದ್ದು ಎಂದು 1980ರ ಮಾರು ರಾಮ್ ಪ್ರಕರಣದಿಂದಲೇ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿದೆ. ಅಂದರೆ ಕೈದಿ ಬರೆಯುವುದು ರಾಷ್ಟ್ರಪತಿಗೆ, ಓದುವುದು ಗೃಹ ಸಚಿವಾಲಯ. ಎದುರು ನಿಂತು ನಾಲ್ಕು ಮಾತು ಹೇಳುವ ಹಕ್ಕೂ ಅವನಿಗಿಲ್ಲ ಎಂದು ಇಂದಿರಾ ಗಾಂಧಿ ಹತ್ಯೆ ಪ್ರಕರಣದ ಕೇಹರ್ ಸಿಂಗ್ ಅರ್ಜಿಯಲ್ಲಿ, 1988ರಲ್ಲಿ, ತೀರ್ಮಾನವಾಗಿದೆ.

ಅದೇ ಕೇಹರ್ ಸಿಂಗ್ ತೀರ್ಪಿನಲ್ಲಿ ಈ ಅಧಿಕಾರದ ದೊಡ್ಡತನವನ್ನು ತೋರಿಸುವ ಮಾತೂ ಇದೆ. ಕೋರ್ಟು ತಪ್ಪಿತಸ್ಥ ಎಂದ ಮೇಲೂ ರಾಷ್ಟ್ರಪತಿ ಸಾಕ್ಷ್ಯವನ್ನು ತಾವೇ ಹೊಸದಾಗಿ ನೋಡಬಹುದು, ಕೋರ್ಟಿಗಿಂತ ಬೇರೆ ನಿರ್ಣಯಕ್ಕೆ ಬರಬಹುದು, ಆಗಲೂ ತೀರ್ಪು ತನ್ನ ಜಾಗದಲ್ಲೇ ಇರುತ್ತದೆ. ನ್ಯಾಯಾಧೀಶರೂ ಮನುಷ್ಯರು ಎಂದು ವ್ಯವಸ್ಥೆ ತಾನೇ ಒಪ್ಪಿಕೊಂಡು ಇಟ್ಟುಕೊಂಡ ಕಡೆಯ ಬಾಗಿಲು ಇದು. ಕೋರ್ಟಿನ ಕೈ ಕಟ್ಟುವ ನಿಯಮಗಳು ಇಲ್ಲಿಲ್ಲ. ಸಾಕ್ಷ್ಯ ಕಾಯ್ದೆ ಇಲ್ಲ, ಕಾಲಮಿತಿ ಮುಗಿದ ದಾಖಲೆ ಎಂಬ ಅಡ್ಡಿ ಇಲ್ಲ, ವಕೀಲ ಕೆಳಗಿನ ಕೋರ್ಟಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನೂ ಕೇಳಬಹುದು. ಕಾಗದದ ಮೇಲೆ ಇಷ್ಟು ಉದಾರವಾದ ಇನ್ನೊಂದು ವಿಧಿಯನ್ನು ನಮ್ಮ ಸಂವಿಧಾನದಲ್ಲಿ ಹುಡುಕುವುದು ಕಷ್ಟ.

ಹಾಗಿದ್ದರೆ ಆ ಅರ್ಜಿಯಲ್ಲಿ ಏನು ಬರೆಯಬೇಕು? ಇದು ಸಣ್ಣ ಪ್ರಶ್ನೆಯಲ್ಲ. ನಾನು ತಪ್ಪು ಮಾಡಿಲ್ಲ ಎಂದು ಬರೆದರೆ ಪಶ್ಚಾತ್ತಾಪವಿಲ್ಲದವನು ಎನ್ನಿಸಿಕೊಳ್ಳುತ್ತಾನೆ. ಮಾಡಿದ್ದೇನೆ, ಮನ್ನಿಸಿ ಎಂದು ಬರೆದರೆ, ಮುಂದೊಂದು ದಿನ ಪುನರ್‌ಪರಿಶೀಲನೆಗೆ ಹೋದಾಗ ಅದೇ ಕಾಗದ ಅವನ ವಿರುದ್ಧ ಎದ್ದು ನಿಲ್ಲಬಹುದು. ಎರಡರ ನಡುವೆ ಜೋತಾಡುವ ಭಾಷೆಯೊಂದು ಜೈಲುಗಳಲ್ಲಿ ತಾನಾಗಿ ಬೆಳೆದಿದೆ. ವಯಸ್ಸಾದ ತಾಯಿ, ಮದುವೆಗೆ ಬಂದ ಮಗಳು, ಬಡತನ, ಜೈಲಿನಲ್ಲಿ ಕಲಿತ ಕೈಕೆಲಸ, ಕೊನೆಯಲ್ಲಿ ‘ತಮ್ಮ ಪಾದಕ್ಕೆ ಬಿದ್ದು’ ಎಂಬ ಒಕ್ಕಣೆ. ಬರೆಯುವವನು ಅರ್ಜಿ ಹಾಕುವ ಕೈದಿಯಲ್ಲ. ಅಕ್ಷರ ಬಲ್ಲ ಇನ್ನೊಬ್ಬ ಕೈದಿ, ಜೈಲಿನ ಗುಮಾಸ್ತ, ಅದೃಷ್ಟವಿದ್ದರೆ ಕಾನೂನು ನೆರವು ಪ್ರಾಧಿಕಾರದ ವಕೀಲ. ಕೈದಿಯ ಬಾಯಲ್ಲಿ ಬಂದದ್ದು ಒಂದು ಭಾಷೆ, ಕಡತ ದೆಹಲಿ ಸೇರುವಷ್ಟರಲ್ಲಿ ಅದು ಇನ್ನೊಂದು ಭಾಷೆಯ ಅರ್ಧ ಪುಟದ ಸಾರಾಂಶ. ಯಾವುದು ತೂಗುತ್ತದೆ ಎಂದು ಗೊತ್ತಿಲ್ಲದಾಗ ಎಲ್ಲವನ್ನೂ ತಕ್ಕಡಿಗೆ ಹಾಕುತ್ತಾರೆ, ಹಾಗಾಗಿ ಎಲ್ಲ ಅರ್ಜಿಗಳೂ ಒಂದೇ ಥರ ಕಾಣತೊಡಗುತ್ತವೆ.

ವಿಚಿತ್ರವೆಂದರೆ, ಯಾವುದು ತೂಗುತ್ತದೆ ಎಂಬುದಕ್ಕೆ ಒಂದು ಪಟ್ಟಿ ಇದೆ. ಕೇಂದ್ರ ಗೃಹ ಸಚಿವಾಲಯ ತನ್ನ ಅಧಿಕಾರಿಗಳ ಉಪಯೋಗಕ್ಕೆ ಏಳು ಅಂಶಗಳನ್ನು ಬರೆದಿಟ್ಟುಕೊಂಡಿದೆ. 2014ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವನ್ನು ಪೂರ್ತಿ ಅಚ್ಚು ಹಾಕಿದೆ. ಅಪರಾಧಿಯ ವಯಸ್ಸು, ಮಾನಸಿಕ ಸ್ಥಿತಿ, ಕೆರಳಿಸಿದ ಸಂದರ್ಭ. ಸಾಕ್ಷ್ಯದ ಬಗ್ಗೆ ಮೇಲಿನ ಕೋರ್ಟೇ ಅನುಮಾನಪಟ್ಟಿದ್ದರೆ ಅದು. ಹೊಸ ಸಾಕ್ಷ್ಯ ಸಿಗುವಂತಿದ್ದರೆ ಅದು. ಬಿಡುಗಡೆಯನ್ನು ರದ್ದುಮಾಡಿ ಅಥವಾ ಶಿಕ್ಷೆಯನ್ನು ಹೆಚ್ಚಿಸಿ ಹೈಕೋರ್ಟು ಗಲ್ಲು ಕೊಟ್ಟಿದ್ದರೆ ಅದು. ನ್ಯಾಯಮೂರ್ತಿಗಳ ನಡುವೆ ಭಿನ್ನಾಭಿಪ್ರಾಯ ಬಂದಿದ್ದರೆ ಅದು. ಗುಂಪಾಗಿ ಮಾಡಿದ ಕೊಲೆಯಲ್ಲಿ ಯಾರ ಪಾಲು ಎಷ್ಟು ಎಂಬುದು. ತನಿಖೆ ಮತ್ತು ವಿಚಾರಣೆಯಲ್ಲಿ ಆದ ವಿಳಂಬ. ಒಳ್ಳೆಯ ಪಟ್ಟಿ. ನಾನು ಇದಕ್ಕೆ ಹೆಚ್ಚೇನೂ ಸೇರಿಸಲಾರೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮದೇ ಗಡಿಯ ಪ್ರಕರಣವೊಂದನ್ನು ನೋಡಬೇಕು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ ಪೊಲೀಸರು, ಅರಣ್ಯ ಸಿಬ್ಬಂದಿ, ದಾರಿ ತೋರಿಸಲು ಬಂದವರು ಸೇರಿ 22 ಜನರನ್ನು ಕೊಂದಿತು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ, 2004ರ ಜನವರಿಯಲ್ಲಿ, ಜೀವಾವಧಿ ಹೋಗಿ ಗಲ್ಲು ಬಂತು. ಟಾಡಾ ಪ್ರಕರಣಗಳಲ್ಲಿ ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ, ನಡುವೆ ಹೈಕೋರ್ಟ್ ಇಲ್ಲ. ಆದ್ದರಿಂದ ಗಲ್ಲು ಎಂಬ ಶಬ್ದವನ್ನು ಅವರು ಮೊದಲು ಕೇಳಿದ್ದೇ ಕೊನೆಯ ಕೋರ್ಟಿನಲ್ಲಿ. ಅದರ ಮೇಲೆ ಇನ್ನೊಂದು ಮೇಲ್ಮನವಿ ಹಾಕಲು ಜಾಗವೇ ಇಲ್ಲ. ಪಟ್ಟಿಯಲ್ಲಿ ಹೈಕೋರ್ಟು ಶಿಕ್ಷೆ ಹೆಚ್ಚಿಸಿದರೆ ಯೋಚಿಸಿ ಎಂದಿದ್ದರೆ, ಸುಪ್ರೀಂ ಕೋರ್ಟೇ ಹೆಚ್ಚಿಸಿದಾಗ ಎರಡು ಪಟ್ಟು ಯೋಚಿಸಬೇಕಲ್ಲವೇ? ಗುಂಪಿನ ಕೃತ್ಯದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯೂ ಇಲ್ಲಿ ಹಾಗೇ ಅನ್ವಯಿಸುತ್ತದೆ. ತಂಡದ ನಾಯಕ ಆಗಿನ್ನೂ ಕಾಡಿನಲ್ಲಿದ್ದ.

ಅವರ ಅರ್ಜಿ ಒಂಬತ್ತು ವರ್ಷ ದೆಹಲಿಯಲ್ಲಿತ್ತು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ತಿರಸ್ಕರಿಸಿದರು. ಹಿಂಡಲಗಾದಲ್ಲಿ ಗಲ್ಲಿನ ಸಿದ್ಧತೆಯ ಸುದ್ದಿ ಹಬ್ಬಿತು. ಮೇಲೆ ಹೇಳಿದ ಎರಡು ಅಂಶಗಳಿಗೆ ಸಚಿವಾಲಯದ ಉತ್ತರ ಏನಿತ್ತು? ನಾಲ್ವರಿಗೂ ಅವರ ವಕೀಲರಿಗೂ ಯಾರೂ ಅದನ್ನು ಹೇಳಲಿಲ್ಲ. ಪಾಲಾರ್‌ನಲ್ಲಿ ಸತ್ತವರ ಹೆಂಡತಿ ಮಕ್ಕಳಿಗೂ ಹೇಳಲಿಲ್ಲ, ಅದನ್ನೂ ಇಲ್ಲಿ ಸೇರಿಸಬೇಕು. ಉತ್ತರ ಸರಿಯಾಗಿಯೇ ಇದ್ದಿರಬಹುದು. 22 ಜನರನ್ನು ಕೊಂದ ಕೃತ್ಯಕ್ಕೆ ದಯೆ ಬೇಡ ಎನ್ನುವ ವಾದ ಹಗುರವಾದದ್ದೂ ಅಲ್ಲ. ಆ ವಾದವನ್ನು ಬರೆದು ಸಹಿ ಹಾಕುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ ಎಂಬುದು ನನ್ನ ದೂರು.

2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನಾಲ್ವರೂ ಸೇರಿ 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರ ಪಾಲಿಗೆ ಕೋರ್ಟು ಹಿಡಿದ ಕಾರಣ, ಅರ್ಜಿ ಅತಿಯಾಗಿ ತಡವಾಯಿತು ಎಂಬುದು. ತೀರ್ಪನ್ನು ಮಾನವೀಯ ಎಂದು ಹೊಗಳಿದವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅದರಲ್ಲಿ ಒಂದು ಅಸಹಾಯಕತೆ ಕಾಣುತ್ತದೆ. ಒಳಗೆ ಏನು ಯೋಚಿಸಿದಿರಿ ಎಂದು ಕೇಳುವಂತಿಲ್ಲ, ಏಕೆಂದರೆ ಬರೆದ ಕಾರಣವೇ ಇಲ್ಲ. ಹೊರಗಿನಿಂದ ಅಳೆಯಲು ಸಿಗುವುದು ಕ್ಯಾಲೆಂಡರ್ ಒಂದೇ. ಹಾಗಾಗಿ ನಮ್ಮ ಕ್ಷಮಾದಾನದ ನ್ಯಾಯಶಾಸ್ತ್ರ ಬಹುಪಾಲು ವರ್ಷ ಎಣಿಸುವ ಶಾಸ್ತ್ರವಾಯಿತು. ಕೈದಿ ದಯೆಗೆ ಅರ್ಹನೋ ಅಲ್ಲವೋ ಎಂಬ ಮೂಲ ಪ್ರಶ್ನೆ ಎಲ್ಲೂ ಚರ್ಚೆಯಾಗದೆ, ಕಡತ ಎಷ್ಟು ದಿನ ಯಾವ ಮೇಜಿನ ಮೇಲಿತ್ತು ಎಂಬುದೇ ಸಾವು ಬದುಕನ್ನು ತೀರ್ಮಾನಿಸತೊಡಗಿತು. ಬೇಗ ತಿರಸ್ಕರಿಸಿದರೆ ಸರ್ಕಾರ ಪಾರು. 2020ರ ಜನವರಿಯಲ್ಲಿ ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ಅಪರಾಧಿಯೊಬ್ಬನ ಅರ್ಜಿ ಕೆಲವೇ ದಿನಗಳಲ್ಲಿ ವಿಲೇವಾರಿಯಾಯಿತು. ಒಂಬತ್ತು ವರ್ಷ ಒಂದು ಕಡೆ, ಕೆಲವು ದಿನ ಒಂದು ಕಡೆ, ಕಾರಣ ಎರಡು ಕಡೆಯೂ ಇಲ್ಲ.

ಬೆಂಗಳೂರಿನವರಿಗೆ ನೆನಪಿರುವ ಉಮೇಶ್ ರೆಡ್ಡಿ ಪ್ರಕರಣದಲ್ಲೂ ಇದೇ ಆಯಿತು. ಅವನ ಅರ್ಜಿ 2013ರಲ್ಲಿ ತಿರಸ್ಕೃತವಾಗಿತ್ತು. ಅರ್ಜಿ ತಡವಾಯಿತು ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಆದರೂ 2022ರ ನವೆಂಬರ್‌ನಲ್ಲಿ ಗಲ್ಲನ್ನು ತೆಗೆದು 30 ವರ್ಷ ಬಿಡುಗಡೆಯಿಲ್ಲದ ಸೆರೆ ವಿಧಿಸಿತು. ಕಾರಣ, ಅರ್ಜಿ ತೀರ್ಮಾನವಾಗುವ ಮೊದಲೇ ಬೆಳಗಾವಿ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಹಾಗೆ ಇಡಬಾರದು ಎಂದು 1978ರ ಸುನಿಲ್ ಬಾತ್ರಾ ತೀರ್ಪೇ ಹೇಳಿದೆ. ಇಲ್ಲೂ ಕೋರ್ಟು ಹಿಡಿದದ್ದು ಹೊರಗಿನಿಂದ ಕಾಣುವ ತಪ್ಪನ್ನು.

ಕಾರಣವಿಲ್ಲದ ತೀರ್ಮಾನ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಹರ್‌ಬನ್ಸ್ ಸಿಂಗ್ ಪ್ರಕರಣಕ್ಕಿಂತ ಕ್ರೂರವಾದ ಉದಾಹರಣೆ ಬೇಡ. ಒಂದೇ ಕೊಲೆ ಪ್ರಕರಣ, ಒಂದೇ ತೀರ್ಪು, ಮೂವರಿಗೆ ಗಲ್ಲು, ಮೂವರ ಪಾತ್ರವೂ ಸಮ. ಮೂವರೂ ಬೇರೆ ಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಕಶ್ಮೀರಾ ಸಿಂಗ್‌ಗೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಜೀತಾ ಸಿಂಗ್‌ನನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಿದರು. ಹರ್‌ಬನ್ಸ್ ಸಿಂಗ್‌ನ ಕ್ಷಮಾದಾನ ಅರ್ಜಿ ತಿರಸ್ಕೃತವಾಗಿತ್ತು. ಅವನು ಮತ್ತೆ ಕೋರ್ಟಿಗೆ ಬಂದಾಗಲೇ ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಆಗಿದ್ದು ಎಲ್ಲರ ಕಣ್ಣಿಗೆ ಬಿದ್ದದ್ದು. ಕೋರ್ಟು 1982ರಲ್ಲಿ ರಾಷ್ಟ್ರಪತಿಯವರಿಗೆ ಮರುಪರಿಶೀಲಿಸಿ ಎಂದು ಶಿಫಾರಸು ಮಾಡಬೇಕಾಯಿತು. ಅರ್ಜಿ ತಿರಸ್ಕರಿಸುವಾಗ ‘ಸಹ ಆರೋಪಿಗಳಿಗೆ ಏನಾಯಿತು’ ಎಂಬ ಒಂದು ಕಾಲಂ ತುಂಬಿ ಕಾರಣ ಬರೆಯಬೇಕೆಂಬ ನಿಯಮವಿದ್ದಿದ್ದರೆ, ಬರೆಯುವ ಕೈಯೇ ತಡೆಯುತ್ತಿತ್ತು.

ಇನ್ನು ಆಚೆ ಬದಿ. ದಯೆ ಸಿಕ್ಕಾಗಲೂ ಕಾರಣ ಸಿಗುವುದಿಲ್ಲ. ಆ ಕತ್ತಲಲ್ಲಿ ಬೇರೆಯವರು ಕೆಲಸ ಮಾಡಿಕೊಳ್ಳುತ್ತಾರೆ. ನೌಕಾಪಡೆಯ ಕಮಾಂಡರ್ ನಾನಾವತಿಯನ್ನು 1964ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಿಸಿದರು. ಅದೇ ಹೊತ್ತಿಗೆ ಆಮದು ಪರವಾನಗಿ ದುರುಪಯೋಗದಲ್ಲಿ ಶಿಕ್ಷೆಯಾಗಿದ್ದ ಸಿಂಧಿ ವ್ಯಾಪಾರಿ ಭಾಯಿ ಪ್ರತಾಪ್‌ಗೂ ಕ್ಷಮೆ ಸಿಕ್ಕಿತು. ನಾನಾವತಿ ಪಾರ್ಸಿ, ಅವನ ಗುಂಡಿಗೆ ಸತ್ತವನು ಸಿಂಧಿ, ಎರಡು ಸಮುದಾಯಗಳನ್ನು ಸಮ ಮಾಡಿದರು ಎಂಬ ಮಾತು ಅಂದಿನಿಂದಲೂ ಓಡಾಡುತ್ತಿದೆ. ಅದು ನಿಜವೋ ಸುಳ್ಳೋ ಯಾರು ಹೇಳಬೇಕು? ಕಾರಣ ಬರೆದಿಡದ ಕಡೆ ಗಾಳಿಮಾತೇ ಇತಿಹಾಸವಾಗುತ್ತದೆ.

ಆಂಧ್ರಪ್ರದೇಶದಲ್ಲಿ 2005ರಲ್ಲಿ ಒಬ್ಬ ಶಾಸಕಿಯ ಪತಿಗೆ ರಾಜ್ಯಪಾಲರು ಶಿಕ್ಷೆ ಮಾಫಿ ಮಾಡಿದರು. ಮರುವರ್ಷ, ಎಪುರು ಸುಧಾಕರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಕಡತ ತರಿಸಿ ನೋಡಿದಾಗ ಆತ ಒಳ್ಳೆಯ ಕಾಂಗ್ರೆಸ್ ಕಾರ್ಯಕರ್ತ ಎಂಬ ಮಾತೂ ಅಧಿಕೃತ ವರದಿಯಲ್ಲಿ ಕುಳಿತಿತ್ತು. ಮಾಫಿ ರದ್ದಾಯಿತು. ಈ ಪ್ರಕರಣವನ್ನು ಓದುವಾಗ ನನಗೆ ಒಂದು ಕುಹಕದ ಸಂತೋಷ ಆಗುತ್ತದೆ. ಕಾರಣ ಬರೆಯದವರ ನಡುವೆ ಒಬ್ಬ ಅಧಿಕಾರಿಯಾದರೂ ನಿಜವಾದ ಕಾರಣವನ್ನು ಬರೆದಿಟ್ಟನಲ್ಲ!

ಬಿಲ್ಕಿಸ್ ಬಾನು ಪ್ರಕರಣ ಕ್ಷಮಾದಾನದ್ದಲ್ಲ, ಜೀವಾವಧಿ ಕೈದಿಗಳನ್ನು ಅವಧಿಗೆ ಮುನ್ನ ಬಿಡುವ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ದಾರಿಯದ್ದು. ಆದರೆ ರೋಗ ಒಂದೇ. 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಆ ಪ್ರಕರಣದ 11 ಅಪರಾಧಿಗಳನ್ನು ಬಿಟ್ಟಿತು. ಸಿಬಿಐ ಬೇಡ ಎಂದಿತ್ತು, ಮುಂಬೈನ ವಿಶೇಷ ನ್ಯಾಯಾಧೀಶರೂ ಬೇಡ ಎಂದಿದ್ದರು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ 2024ರ ಜನವರಿ 8ರಂದು ಆ ಬಿಡುಗಡೆಯನ್ನು ರದ್ದು ಮಾಡಿ ಎಲ್ಲರನ್ನೂ ಜೈಲಿಗೆ ಮರಳಲು ಹೇಳಿತು. ವಿಚಾರಣೆ ನಡೆದ ಮಹಾರಾಷ್ಟ್ರಕ್ಕೆ ಆ ಅಧಿಕಾರ ಸೇರಬೇಕೇ ಹೊರತು ಗುಜರಾತಿಗೆ ಅಲ್ಲ ಎಂಬುದು ಮುಖ್ಯ ಕಾರಣ. ತನ್ನ ಮಗುವನ್ನು ಕೊಂದವರನ್ನು ಏಕೆ ಬಿಟ್ಟರು ಎಂದು ಒಬ್ಬ ಹೆಂಗಸು ತಿಳಿದುಕೊಳ್ಳಬೇಕಾದರೆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಹಿಂಬರಹ ಕೈದಿಗೆ ಮಾತ್ರ ಬೇಕಾದ ಕಾಗದವಲ್ಲ.

ನಮ್ಮಲ್ಲಿ ಸ್ವಾತಂತ್ರ್ಯ ದಿನಕ್ಕೂ ಗಣರಾಜ್ಯೋತ್ಸವಕ್ಕೂ ‘ಸನ್ನಡತೆಯ ಆಧಾರದ ಮೇಲೆ’ ಕೈದಿಗಳ ಬಿಡುಗಡೆ ನಡೆಯುತ್ತದೆ. ಪರಪ್ಪನ ಅಗ್ರಹಾರದ ಗೇಟಿನಲ್ಲಿ ಚೀಲ ಹಿಡಿದು ನಿಂತವರ ಫೋಟೋ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಆ ಪಟ್ಟಿಯಿಂದ ಬಿಟ್ಟುಹೋದವನ ಫೋಟೋ ಬರುವುದಿಲ್ಲ. ಊರಿನ ಠಾಣೆಯಿಂದ ‘ಬಿಡುಗಡೆ ಮಾಡಿದರೆ ಶಾಂತಿಭಂಗವಾಗುವ ಸಂಭವವಿದೆ’ ಎಂಬ ಒಂದು ಸಾಲು ಬಂದರೆ ಅವನ ಕಡತ ಕೆಳಗೆ ಸರಿಯುತ್ತದೆ. ಈ ಕ್ಷೇತ್ರದಲ್ಲಿ ಕೋರ್ಟುಗಳು ಈಚೆಗೆ ಗಟ್ಟಿಯಾಗಿ ಮಾತಾಡಿವೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಅವಧಿಗೆ ಮುನ್ನ ಬಿಡುವ ನೀತಿ ಇರುವ ರಾಜ್ಯಗಳು ಅರ್ಹ ಕೈದಿಗಳು ಅರ್ಜಿ ಹಾಕದಿದ್ದರೂ ಅವರ ಬಿಡುಗಡೆಯನ್ನು ಪರಿಶೀಲಿಸಬೇಕು, ಒಪ್ಪಿದರೂ ಒಪ್ಪದಿದ್ದರೂ ಚಿಕ್ಕದಾಗಿಯಾದರೂ ಕಾರಣ ಬರೆಯಬೇಕು, ಅದನ್ನು ಕೈದಿಗೆ ತಿಳಿಸಬೇಕು ಎಂದಿತು. ಹದಿನಾಲ್ಕು ವರ್ಷ ಕಳೆದ ಜೀವಾವಧಿ ಕೈದಿಗೆ ಈಗ ಕಾರಣ ಕೇಳುವ ಹಕ್ಕಿದೆ. ಗಲ್ಲಿನ ಕೋಣೆಯಲ್ಲಿರುವವನಿಗೆ ಇಲ್ಲ.

ಅವನ ಪಾಲಿಗೆ ಬಂದದ್ದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 472ನೇ ಕಲಂ. ಕ್ಷಮಾದಾನ ಅರ್ಜಿಗೆ ಮೊದಲ ಬಾರಿಗೆ ಕಾನೂನಿನಲ್ಲಿ ಒಂದು ಚೌಕಟ್ಟು ಕೊಟ್ಟರು ಎಂದು ಸರ್ಕಾರ ಹೇಳಿಕೊಂಡಿದೆ. ಓದಿ ನೋಡಿ. ಮೇಲ್ಮನವಿ ವಜಾ ಆದ ವಿಷಯವನ್ನು ಜೈಲು ಸೂಪರಿಂಟೆಂಡೆಂಟ್ ತಿಳಿಸಿದ 30 ದಿನಗಳೊಳಗೆ ಕೈದಿ ಅರ್ಜಿ ಹಾಕಬೇಕು. ರಾಜ್ಯಪಾಲರು ತಿರಸ್ಕರಿಸಿದ 60 ದಿನಗಳೊಳಗೆ ರಾಷ್ಟ್ರಪತಿಗೆ ಹೋಗಬೇಕು. ರಾಜ್ಯದ ಅಭಿಪ್ರಾಯ ಮತ್ತು ದಾಖಲೆ ಕೈಸೇರಿದ 60 ದಿನಗಳಲ್ಲಿ ಕೇಂದ್ರ ಸರ್ಕಾರ ಶಿಫಾರಸು ಮಾಡಬೇಕು. ರಾಷ್ಟ್ರಪತಿಗೆ? ಗಡುವಿಲ್ಲ. ಆದೇಶ ಹೊರಟ ಮೇಲೆ ಮತ್ತೆ ಗಡಿಬಿಡಿ, 48 ಗಂಟೆಗಳಲ್ಲಿ ರಾಜ್ಯದ ಗೃಹ ಇಲಾಖೆಗೂ ಜೈಲಿಗೂ ತಿಳಿಸಬೇಕು. ಈ ಕೊನೆಯ ನಿಯಮಕ್ಕೆ ಒಂದು ಹಿನ್ನೆಲೆ ಇದೆ ಎಂದು ಊಹಿಸಬಹುದು. 2013ರ ಫೆಬ್ರವರಿ 9ರಂದು ಅಫ್ಜಲ್ ಗುರುವನ್ನು ಗಲ್ಲಿಗೇರಿಸುವ ವಿಷಯದ ಸ್ಪೀಡ್ ಪೋಸ್ಟ್ ಕಾಶ್ಮೀರದಲ್ಲಿದ್ದ ಅವನ ಮನೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಆದರೆ ಹೊಸ ಕಾನೂನು ಸಹ 48 ಗಂಟೆಯಲ್ಲಿ ತಿಳಿಸು ಎಂದು ಹೇಳುವುದು ಕಚೇರಿಗಳಿಗೆ. ಮನೆಯವರ ಹೆಸರೇ ಅಲ್ಲಿಲ್ಲ.

ಗಡುವು ಯಾರಿಗೆ ಬಿಗಿ ಎಂಬುದನ್ನು ಗಮನಿಸಬೇಕು. ವರ್ಷಗಟ್ಟಲೆ ತಡ ಮಾಡಿದವರು ಕೈದಿಗಳಲ್ಲ, ಕಚೇರಿಗಳು. ಬಿಗಿಯಾದದ್ದು ಕೈದಿಯ ಕೊರಳು. ಅನಕ್ಷರಸ್ಥನೊಬ್ಬ 30 ದಿನಗಳಲ್ಲಿ ವಕೀಲನನ್ನು ಹುಡುಕಿ, ಕೆಳಗಿನ ಕೋರ್ಟಿನ ದಾಖಲೆ ತರಿಸಿ, ಮಾನಸಿಕ ಆರೋಗ್ಯದ ವರದಿ ಮಾಡಿಸಿ, ಏಳು ಅಂಶಗಳಿಗೆ ತಕ್ಕ ಅರ್ಜಿ ಬರೆಯಬೇಕು. ಅದೇ ಕಲಂನ ಕೊನೆಯ ಉಪಕಲಂ, ರಾಷ್ಟ್ರಪತಿ ಅಥವಾ ರಾಜ್ಯಪಾಲರ ಆದೇಶದ ಮೇಲೆ ಯಾವ ಕೋರ್ಟಿನಲ್ಲೂ ಮೇಲ್ಮನವಿ ಇಲ್ಲ, ಆ ನಿರ್ಣಯಕ್ಕೆ ಹೇಗೆ ಬಂದರು ಎಂದು ಯಾವ ಕೋರ್ಟೂ ವಿಚಾರಿಸುವಂತಿಲ್ಲ ಎನ್ನುತ್ತದೆ. ಕಾರಣ ಕೊಡದಿರುವುದು ಇಲ್ಲಿಯವರೆಗೆ ಬರೀ ರೂಢಿಯಾಗಿತ್ತು. ಈಗ ಅದಕ್ಕೆ ಕಾನೂನಿನ ಬೀಗ ಬಿದ್ದಿದೆ.

ಇದಕ್ಕೆ ಸರ್ಕಾರದ ಕಡೆಯವರು ಕೊಡುವ ಸಮರ್ಥನೆ ಸಂವಿಧಾನದ 74(2)ನೇ ವಿಧಿ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ಕೋರ್ಟು ವಿಚಾರಿಸುವಂತಿಲ್ಲ ಎನ್ನುತ್ತದೆ ಅದು. ಆ ವಾದಕ್ಕೆ ಕರ್ನಾಟಕದಿಂದಲೇ ಉತ್ತರ ಹೋಗಿದೆ. 1989ರಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ, 1994ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಲಹೆಯನ್ನು ಕೇಳುವಂತಿಲ್ಲ ಸರಿ, ಸಲಹೆಗೆ ಆಧಾರವಾದ ದಾಖಲೆಗಳನ್ನು ನೋಡಬಹುದು ಎಂದು ಹೇಳಿತು. ಅಷ್ಟಕ್ಕೂ 74(2) ಕೋರ್ಟಿನ ಬಾಯಿ ಕಟ್ಟುತ್ತದೆ, ಸರ್ಕಾರದ ಬಾಯನ್ನಲ್ಲ. ತಾನಾಗಿ ಕಾರಣ ಹೇಳಬಾರದು ಎಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಗೃಹ ಸಚಿವಾಲಯ ತನ್ನ ಏಳು ಅಂಶಗಳ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಿಂಡಲಗಾದ ಸೂಪರಿಂಟೆಂಡೆಂಟರ ಕೈಗೆ ಕೊಡಬಹುದು, ಅರ್ಜಿ ಬರೆಯುವವನು ಅದನ್ನು ನೋಡಿ ಬರೆಯಲಿ. ತಿರಸ್ಕರಿಸುವ ದಿನ ಪ್ರತಿ ಅಂಶದ ಮುಂದೆ ಒಂದು ಸಾಲಿನ ಉತ್ತರ ತುಂಬಿ ಒಂದು ಪ್ರತಿಯನ್ನು ಕೈದಿಗೂ ಇನ್ನೊಂದನ್ನು ಸತ್ತವರ ಮನೆಗೂ ಕಳಿಸಲಿ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ, ಸಂಸತ್ತಿನ ಮಸೂದೆಯೂ ಬೇಡ, ಗೃಹ ಸಚಿವಾಲಯದ ಒಂದು ಸುತ್ತೋಲೆ ಸಾಕು.